ಉರಿಯೂತದ ಊಟ ಮತ್ತು ಕರುಳಿನ ಪಾಲಿಪ್: ಬೆಣ್ಣೆದೋಸೆಗೆ ಅಂಕ ಕೊಡುವ ಮುಂಚೆ ಓದಿ

ಊಟದಿಂದ ಏರುವ ಉರಿಯೂತಕ್ಕೂ ಕರುಳಿನ ಪಾಲಿಪ್‌ಗೂ ನಂಟು ಇದೆಯಾ ಅಂತ ಪರೀಕ್ಷೆಗೆ ಓದುವವರಿಗಾಗಿ ಈ ಬರಹ. ಪಾಲಿಪ್ ಅಂದರೆ ಏನು ಅನ್ನುವುದನ್ನು ಬೇಗ ಮುಗಿಸಿಬಿಡೋಣ. ದೊಡ್ಡ ಕರುಳಿನ ಒಳಪದರದಲ್ಲಿ ಏಳುವ ಸಣ್ಣ ಗಂಟು. ಹೆಚ್ಚಿನವರಿಗೆ ನೋವಿಲ್ಲ, ಲಕ್ಷಣವಿಲ್ಲ, ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವುದು) ಮಾಡಿದಾಗಲೇ ಕಣ್ಣಿಗೆ ಬೀಳುವುದು. ಹೈಪರ್‌ಪ್ಲಾಸ್ಟಿಕ್ ಅನ್ನುವ ಚಿಕ್ಕವುಗಳಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಅಡಿನೋಮಾ ಮತ್ತು ಸೆರೇಟೆಡ್ ಜಾತಿಯವು ಕ್ಯಾನ್ಸರ್ ಆಗಬಲ್ಲವು, ಅದಕ್ಕೂ ಸುಮಾರು 10 ವರ್ಷ ಬೇಕು, ಬಹುಪಾಲು ಆಗುವುದೇ ಇಲ್ಲ.

ಇನ್ನು ಉರಿಯೂತ. ಮಂಡಕ್ಕಿ ಜೊತೆ ಮಿರ್ಚಿ ತಿಂದ ಮೇಲೆ ಹೊಟ್ಟೆ ಉರಿಯುತ್ತಲ್ಲ, ಅದಲ್ಲ ಇದು. ರಕ್ತದಲ್ಲಿ ಉರಿಯೂತವನ್ನು ತೋರಿಸುವ ಸಿಆರ್‌ಪಿ, ಐಎಲ್-6, ಟಿಎನ್ಎಫ್-ಆಲ್ಫಾ ಎಂಬ ಪ್ರೋಟೀನ್‌ಗಳು ಸ್ವಲ್ಪವೇ ಏರಿ ವರ್ಷಗಟ್ಟಲೆ ಇಳಿಯದೆ ನಿಲ್ಲುವುದು.

ಊಟವನ್ನು ಇದರ ಜೊತೆ ಜೋಡಿಸಿ ಅಳೆಯಲು ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದವರು ಒಂದು ಸೂಚ್ಯಂಕ ಮಾಡಿದರು, ಡಿಐಐ (ಡಯಟರಿ ಇನ್‌ಫ್ಲಮೇಟರಿ ಇಂಡೆಕ್ಸ್) ಅಂತ. ಈಗ ಬಳಕೆಯಲ್ಲಿರುವುದು 2014ರ ರೂಪ. 1950ರಿಂದ 2010ರವರೆಗಿನ 1,943 ಲೇಖನಗಳನ್ನು ಜಾಲಾಡಿ, 45 ಆಹಾರಾಂಶಗಳಿಗೆ ಅಂಕ ಕೊಟ್ಟರು. ಉರಿಯೂತ ಏರಿಸಿದರೆ ಪ್ಲಸ್, ಇಳಿಸಿದರೆ ಮೈನಸ್. ನಾರಿಗೆ ಮೈನಸ್ 0.663, ಸ್ಯಾಚುರೇಟೆಡ್ ಕೊಬ್ಬಿಗೆ ಪ್ಲಸ್ 0.373. ಬೆಳ್ಳುಳ್ಳಿ, ಈರುಳ್ಳಿ, ಶುಂಠಿ ಎಲ್ಲಾ ಮೈನಸ್ ಕಡೆ. ನೀವು ತಿನ್ನುವ ಪ್ರಮಾಣವನ್ನು ಜಗತ್ತಿನ ಸರಾಸರಿಗೆ ಹೋಲಿಸಿ, ಆ ಅಂತರವನ್ನು ಈ ಅಂಕದಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿದರೆ ನಿಮ್ಮ ಮೊತ್ತ ಸಿಗುತ್ತದೆ. ಹಾಗಾಗಿ ಬೆಣ್ಣೆದೋಸೆಗೆ ಬೇರೆಯಾಗಿ ಅಂಕ ಇಲ್ಲ. ವಾರಕ್ಕೊಂದು ದಿನ ಬೆಣ್ಣೆದೋಸೆ, ಉಳಿದ ದಿನ ಜೋಳದ ರೊಟ್ಟಿ, ಕಾಳುಪಲ್ಯ, ಸೊಪ್ಪು ತಿನ್ನುವವರ ಮೊತ್ತ ಬೇರೆ. ಬೆಳಿಗ್ಗೆ ಬೆಣ್ಣೆದೋಸೆ, ಸಂಜೆ ಬೇಕರಿ, ರಾತ್ರಿ ಬರೀ ಬಿಳಿ ಅನ್ನ ಅನ್ನುವವರದೇ ಬೇರೆ.

ಅತಿ ದೊಡ್ಡ ಮೈನಸ್ ಯಾರಿಗೆ ಗೊತ್ತಾ? ಅರಿಶಿನಕ್ಕೆ, ಮೈನಸ್ 0.785. ಆದರೆ ಇದನ್ನು ಓದಿ ನಮ್ಮ ಸಾರು ಗೆದ್ದಿತು ಅಂತ ಸುಮ್ನೆ ಖುಷಿಪಡಬೇಡಿ. ಪಾಶ್ಚಾತ್ಯ ಅಧ್ಯಯನಗಳ ಆಹಾರ ಪ್ರಶ್ನಾವಳಿಗಳಲ್ಲಿ ಅರಿಶಿನ ಸಾಮಾನ್ಯವಾಗಿ ಇರುವುದೇ ಇಲ್ಲ, 45ರಲ್ಲಿ ಇಪ್ಪತ್ತೈದು ಮೂವತ್ತು ಅಂಶಗಳಲ್ಲೇ ಲೆಕ್ಕ ಮುಗಿಯುತ್ತದೆ.

ಇನ್ನೊಂದು ವಿಚಿತ್ರ ಇದೆ, ವೈವಾದಲ್ಲಿ ಕೇಳಿದರೆ ತಡವರಿಸುವಂಥದ್ದು. ಇದೇ ಪಟ್ಟಿಯಲ್ಲಿ ಮದ್ಯವೂ ಮೈನಸ್ ಕಡೆಗೇ ಇದೆ! ಆದರೆ ಮದ್ಯ ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಸಾಬೀತಾದ ಕಾರಣ. ಎರಡೂ ಹೇಗೆ ನಿಜ? ಸೂಚ್ಯಂಕ ಅಳೆಯುವುದು ಉರಿಯೂತದ ಒಂದು ದಾರಿ ಮಾತ್ರ. ಮದ್ಯ ದೇಹದಲ್ಲಿ ಅಸಿಟಾಲ್ಡಿಹೈಡ್ ಆಗಿ ಡಿಎನ್ಎಗೆ ನೇರವಾಗಿ ಪೆಟ್ಟು ಕೊಡುತ್ತದೆ, ಆ ಲೆಕ್ಕ ಇದರಲ್ಲಿ ಬರುವುದಿಲ್ಲ. ನನ್ನ ಪ್ರಕಾರ ಇಡೀ ವಿಷಯದಲ್ಲಿ ನೆನಪಿಡಬೇಕಾದದ್ದು ಇದೇ: ಕಡಿಮೆ ಅಂಕ ಬಂದ ಕೂಡಲೇ ಅದು ಒಳ್ಳೆಯ ಊಟ ಆಗುವುದಿಲ್ಲ.

ಕರುಳಿನೊಳಗೆ ಏನಾಗುತ್ತದೆ? ಮುದ್ದೆ, ಕಾಳು, ಸೊಪ್ಪಿನ ನಾರನ್ನು ಅಲ್ಲಿನ ಬ್ಯಾಕ್ಟೀರಿಯಾ ಹುದುಗಿಸಿ ಬ್ಯುಟಿರೇಟ್ ಎಂಬ ಸಣ್ಣ ಕೊಬ್ಬಿನಾಮ್ಲ ಮಾಡುತ್ತವೆ. ಕರುಳಿನ ಕೋಶಗಳಿಗೆ ಅದೇ ಮುಖ್ಯ ಇಂಧನ, ಉರಿಯೂತವನ್ನೂ ತಗ್ಗಿಸುತ್ತದೆ. ಕೊಬ್ಬು ಜಾಸ್ತಿಯಾದರೆ ಪಿತ್ತರಸ ಜಾಸ್ತಿ ಸುರಿಯುತ್ತದೆ, ಅದನ್ನು ಬ್ಯಾಕ್ಟೀರಿಯಾ ಡಿಆಕ್ಸಿಕೋಲಿಕ್ ಆಮ್ಲವಾಗಿ ಬದಲಿಸುತ್ತವೆ, ಅದು ಒಳಪದರವನ್ನು ಕೆರಳಿಸುತ್ತದೆ, ಕೆರಳಿದ ಕೋಶಗಳು ಮತ್ತೆ ಮತ್ತೆ ವಿಭಜನೆಯಾಗುತ್ತವೆ, ವಿಭಜನೆ ಹೆಚ್ಚಿದಷ್ಟೂ ಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಎಪಿಸಿ ಜೀನ್‌ನಂಥ ಕಡೆ ತಪ್ಪು ನುಸುಳುವ ಅವಕಾಶ ಹೆಚ್ಚು. ಅಡಿನೋಮಾ ಶುರುವಾಗುವುದು ಬಹುತೇಕ ಅಲ್ಲಿಂದಲೇ.

ಈಗ ಸಾಕ್ಷ್ಯ. ಉರಿಯೂತದ ಅಂಕ ಜಾಸ್ತಿ ಇದ್ದವರಲ್ಲಿ ಅಡಿನೋಮಾ ಹೆಚ್ಚು ಕಂಡಿದೆ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಕ್ಯಾನ್ಸರ್ ಬಗ್ಗೆ 2018ರಲ್ಲಿ ಬಂದ ದೊಡ್ಡ ಅಮೆರಿಕನ್ ಅಧ್ಯಯನ 1,21,050 ಜನರನ್ನು 26 ವರ್ಷ ಗಮನಿಸಿತ್ತು. ಬಳಸಿದ್ದು ಊಟದ ಉರಿಯೂತಕ್ಕೇ ಅಂಕ ಕೊಡುವ ಇಡಿಐಪಿ ಅನ್ನುವ ಇನ್ನೊಂದು ಅಳತೆ. ಅಂಕ ಅತಿ ಹೆಚ್ಚಿದ್ದ ಐದನೇ ಒಂದು ಭಾಗದವರಿಗೆ ಅತಿ ಕಡಿಮೆಯವರಿಗಿಂತ ಅಪಾಯ 32% ಹೆಚ್ಚು. ಇದು ಹೋಲಿಕೆಯ ಅಪಾಯ, ನೂರರಲ್ಲಿ 32 ಜನಕ್ಕೆ ಕ್ಯಾನ್ಸರ್ ಬರುತ್ತದೆ ಅಂತಲ್ಲ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಅಂಕ ಹೋಯಿತು ಅಂತಲೇ ಲೆಕ್ಕ.

ಇದಕ್ಕೆ ಎದುರಾಗಿ ಒಂದು ಪ್ರಯೋಗ ಇದೆ. 2000ದಲ್ಲಿ ಪ್ರಕಟವಾದ ಪಾಲಿಪ್ ಪ್ರಿವೆನ್ಷನ್ ಟ್ರಯಲ್‌ನಲ್ಲಿ ಒಮ್ಮೆ ಅಡಿನೋಮಾ ತೆಗೆಸಿಕೊಂಡ 2,079 ಜನರಿದ್ದರು. ಒಂದು ಗುಂಪಿಗೆ ಕಡಿಮೆ ಕೊಬ್ಬು, ಹೆಚ್ಚು ನಾರು, ಹಣ್ಣು, ತರಕಾರಿ. ನಾಲ್ಕು ವರ್ಷ ಕಳೆದರೂ ಹೊಸ ಅಡಿನೋಮಾ ಕಡಿಮೆ ಆಗಲಿಲ್ಲ. ಹಾಗಾದರೆ ಊಟದ ಮಾತೆಲ್ಲ ಸುಳ್ಳಾ? ಅಷ್ಟು ಬೇಗ ತೀರ್ಪು ಬೇಡ. ಹತ್ತು ವರ್ಷ ಹಿಡಿಯುವ ಕೆಲಸಕ್ಕೆ ನಾಲ್ಕು ವರ್ಷ ಸಾಲದಿರಬಹುದು. ಇನ್ನೊಂದು ಕಡೆ, ಉರಿಯೂತ ತಗ್ಗಿಸುವ ಔಷಧಿ ಆಸ್ಪಿರಿನ್ ಅಡಿನೋಮಾ ಮರುಕಳಿಸುವುದನ್ನು ತಗ್ಗಿಸುತ್ತದೆ ಅಂತ 2003ರ ಪ್ರಯೋಗಗಳು ತೋರಿಸಿದವು. ಅಂದರೆ ಉರಿಯೂತದ ದಾರಿ ಇದೆ ಅನ್ನುವುದಕ್ಕೆ ಬಲ ಬಂತು, ಊಟ ಬದಲಿಸಿದರೆ ಸಾಕು ಅನ್ನುವುದಕ್ಕೆ ಬರಲಿಲ್ಲ. ಹಾಗಂತ ಯಾರೂ ತಾವಾಗಿಯೇ ಆಸ್ಪಿರಿನ್ ಶುರು ಮಾಡಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು.

ಯಾವ ಪೇಪರ್ ಓದಿದರೂ ಸಿಗರೇಟು, ತೂಕ, ಸಕ್ಕರೆ ಕಾಯಿಲೆ, ದಿನವಿಡೀ ಕೂತು ಮಾಡುವ ಕೆಲಸ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದಿದ್ದಾರಾ ನೋಡಿ. ಜೊತೆಗೆ ಪಾಲಿಪ್ ಇಲ್ಲದ ಗುಂಪಿನವರಿಗೂ ಕೊಲೊನೋಸ್ಕೋಪಿ ಆಗಿದೆಯಾ ಅಂತ ಹುಡುಕಿ. ಲಕ್ಷಣವೇ ಕೊಡದ ಗಂಟು ತಾನೇ, ಒಳಗೆ ನೋಡದೆ ಇಲ್ಲ ಅಂತ ಹೇಗೆ ಬರೆಯುತ್ತಾರೆ?