ಟೆಸ್ಟ್ ಇರಲಿ, ಮೊದಲು ನಿದ್ದೆ ಬರುತ್ತಾ ಕೇಳಿ

ಮಗನನ್ನು ನನ್ನ ಹತ್ತಿರ ಸಲಹೆಗೆ ಕರೆತಂದ ಅಪ್ಪ ಒಬ್ಬರು ಕರ್ಚೀಫು ಬಿಚ್ಚಿ ಟೇಬಲ್ ಮೇಲೆ ಇಟ್ಟಿದ್ದು ಒಂದು ರೋಲಿಂಗ್ ಪೇಪರ್ ಪ್ಯಾಕೆಟ್, ಗಾಂಜಾ ಸುತ್ತಿ ಸೇದುವ ತೆಳು ಕಾಗದ. ಮಗನ ಪೆನ್ಸಿಲ್ ಬಾಕ್ಸಿನಲ್ಲಿ ಸಿಕ್ಕಿತಂತೆ. 'ಮೊದಲು ಯೂರಿನ್ ಟೆಸ್ಟ್ ಬರೆದುಕೊಡಿ ಮೇಡಂ, ಬಾಯಿ ಬಿಟ್ಟರೆ ಸುಳ್ಳು.' ಮಗ ಇಂಜಿನಿಯರಿಂಗ್ ಎರಡನೇ ವರ್ಷ. ಪಕ್ಕದಲ್ಲೇ ಹೂಡಿ ಜಾಕೆಟ್ಟಿನ ದಾರ ಕಚ್ಚುತ್ತಾ ಕೂತಿದ್ದ. (ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದ್ದೇನೆ.)

ಟೆಸ್ಟ್ ಮಾಡಿಸಬಹುದು. ಆದರೆ ದಿನಾ ಗಾಂಜಾ ಸೇದುತ್ತಿದ್ದವರ ಮೂತ್ರದಲ್ಲಿ ಬಿಟ್ಟು ಮೂರ್ನಾಲ್ಕು ವಾರವಾದರೂ ಅದರ ಅಂಶ ಸಿಗಬಹುದು. ಇವತ್ತೇ ಬಿಟ್ಟ ಹುಡುಗನೂ ಮುಂದಿನ ವಾರದ ರಿಪೋರ್ಟಿನಲ್ಲಿ ಸುಳ್ಳುಗಾರನೇ ಆಗುತ್ತಾನೆ, ಅಲ್ವಾ?

ಅಪ್ಪನನ್ನು ಹೊರಗೆ ಕೂರಿಸಿ ಕೇಳಿದೆ: 'ಅದರಿಂದ ನಿನಗೆ ಏನು ಸಿಗುತ್ತೆ?' ಯಾಕೆ ಸೇದುತ್ತೀಯಾ ಅಂತ ನಾನು ಕೇಳುವುದಿಲ್ಲ. ಆ 'ಯಾಕೆ' ಈ ವಯಸ್ಸಿನವರ ಕಿವಿಗೆ ಬೈಗುಳವಾಗೇ ಬೀಳುತ್ತೆ. ತುಂಬಾ ಹೊತ್ತು ಸುಮ್ಮನಿದ್ದು, 'ನಿದ್ದೆ' ಅಂದ. ಎರಡು ಸಬ್ಜೆಕ್ಟ್ ಬ್ಯಾಕ್ ಉಳಿದಿದ್ದವು, ರಾತ್ರಿ ಎರಡಕ್ಕೆ ಎಚ್ಚರವಾಗಿ ಎದೆ ಡವಡವ, ಕೈ ತಣ್ಣಗೆ, ಬೆಳಗಿನವರೆಗೂ ಸೀಲಿಂಗ್ ಫ್ಯಾನ್ ನೋಡುವುದು, ಆಮೇಲೆ ಒಂದು ದಿನ ರೂಮ್‌ಮೇಟ್ ಒಂದು ದಮ್ ಕೊಟ್ಟ. ಆತಂಕ ಮೊದಲೇ ಇತ್ತು. ಗಾಂಜಾ ಆಮೇಲೆ ಬಂತು.

ತಮಾಷೆ ನೋಡಿ, ಬಿಟ್ಟ ಮೊದಲ ವಾರ ನಿದ್ದೆ ಇನ್ನೂ ಕೆಡುತ್ತೆ. ವಿಚಿತ್ರ ಕನಸು, ಸಿಡುಕು, ಊಟ ಸೇರುವುದಿಲ್ಲ. ಸಾಮಾನ್ಯವಾಗಿ ಎರಡು ವಾರದಲ್ಲಿ ತಗ್ಗುತ್ತೆ. ಇದನ್ನು ಮೊದಲೇ ಹೇಳಿರದಿದ್ದರೆ ಅವನು 'ಇದಿಲ್ಲದೆ ಆಗಲ್ಲ' ಅಂದುಕೊಳ್ಳುತ್ತಾನೆ, ಮನೆಯವರು 'ಮತ್ತೆ ಶುರು ಮಾಡಿದ' ಅಂದುಕೊಳ್ಳುತ್ತಾರೆ. ಹಾಗಾಗಿ ಆತಂಕಕ್ಕೂ ಗಾಂಜಾಕ್ಕೂ ಒಟ್ಟಿಗೇ ಚಿಕಿತ್ಸೆ ಬೇಕು.

ಎಲ್ಲವೂ ಮಾತಿನಲ್ಲಿ ಮುಗಿಯುವುದಿಲ್ಲ. ಯಾರೋ ಕಿವಿಯಲ್ಲಿ ಮಾತಾಡುತ್ತಾರೆ, ಎಲ್ಲರೂ ನನ್ನ ಮೇಲೆ ಕಣ್ಣಿಟ್ಟಿದ್ದಾರೆ ಅಂದರೆ ಅದೇ ದಿನ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ದಿನಾ ಜಾಸ್ತಿ ಕುಡಿಯುವವರನ್ನು ರೂಮಿಗೆ ಕೂಡಿಹಾಕಿ ಏಕ್‌ದಂ ಬಿಡಿಸಲು ಹೋಗಬೇಡಿ. ಫಿಟ್ಸ್ ಬಂದು ಜೀವಕ್ಕೇ ಕುತ್ತಾಗಬಹುದು, ಡಾಕ್ಟರ್ ಬೇಕೇ ಬೇಕು. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಲ್ಲಿ ಶುರು ಮಾಡಬೇಕು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್‌ನಿಂದ ಇದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಅಪ್ಪ ಹೊರಡುವಾಗ ದನಿ ತಗ್ಗಿಸಿ, 'ಪೊಲೀಸ್ ಕೇಸ್ ಆಗುತ್ತಾ?' ಅಂದರು. ಆಗಿನಿಂದ ಇದೇ ಅವರ ಗಂಟಲಲ್ಲಿ ಸಿಕ್ಕಿಕೊಂಡಿತ್ತು ಅನಿಸುತ್ತೆ. ಮಾದಕವಸ್ತುಗಳ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್ ಪ್ರಕಾರ, ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಬಂದರೆ ಸೇವನೆಯ, ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ರಕ್ಷಣೆ ಇದೆ. ಮಾರಾಟದ ಕಥೆ ಬೇರೆ. ಇದನ್ನು ಹೇಳಿದ ಮೇಲೆ ಅವರು ನೀರು ಕೇಳಿ ಕುಡಿದರು.

ನಡುವೆ ಹುಡುಗ ಒಂದು ಸಲ ಮತ್ತೆ ಸೇದಿದ. ತಾನೇ ಬಂದು ಹೇಳಿದ. ಅಪ್ಪ ಈಗ ದಿನಾ ಅವನ ಶರ್ಟ್ ಮೂಸುವುದು ಬಿಟ್ಟಿದ್ದಾರಂತೆ. ರಾತ್ರಿ ಹನ್ನೊಂದಕ್ಕೆ ರೂಮಿನ ಲೈಟ್ ಆರಿದೆಯಾ ಅಂತ ಇಣುಕುತ್ತಾರೆ, ಅಷ್ಟೇ. ಅದಕ್ಕೂ ಅವನು ಗೊಣಗುತ್ತಾನೆ.