ರಾಜ ಯಾಕೆ ಕುಣಿದ?

ಪ್ರಶ್ನೆ: ಫ್ರಾನ್ಸಿನ 14ನೇ ಲೂಯಿ ವೇಷ ಕಟ್ಟಿ ತಾನೇ ಕುಣಿಯುತ್ತಿದ್ದನಂತೆ, ನಿಜವೇ? ಅಷ್ಟು ದೊಡ್ಡ ರಾಜನಿಗೆ ಅದು ಮರ್ಯಾದೆ ಕಡಿಮೆ ಅಲ್ವಾ?

ನಿಜ, ಕುಣಿಯುತ್ತಿದ್ದ. ಆಗಿನ ಸರದಾರರ ಮಕ್ಕಳಿಗೆ ಕುದುರೆ ಸವಾರಿ, ಕತ್ತಿವರಸೆಯ ಜೊತೆ ನೃತ್ಯವೂ ಪಾಠವೇ. ಮರ್ಯಾದೆಯ ಮಾತಿಗೆ ಬಂದರೆ, ಹೋಗಿದ್ದ ಮರ್ಯಾದೆ ವಾಪಸ್ ತರಲೆಂದೇ ಅವನು ಕುಣಿದದ್ದು.

ಪಟ್ಟಕ್ಕೆ ಬಂದಾಗ, 1643ರಲ್ಲಿ, ಅವನಿಗೆ ಇನ್ನೂ 5 ವರ್ಷ ತುಂಬಿರಲಿಲ್ಲ. 1648ರಲ್ಲಿ ದಂಗೆ ಶುರುವಾಯಿತು. ಅದಕ್ಕೆ ಫ್ರೋಂಡ್ ಎಂದು ಹೆಸರು, ಅಂದರೆ ಕವಣೆ. ಮೊದಲು ಪ್ಯಾರಿಸ್ಸಿನ ನ್ಯಾಯಾಧೀಶರು, ಆಮೇಲೆ ದೊಡ್ಡ ದೊಡ್ಡ ಸರದಾರರು, ಕೊನೆಗೆ ಸ್ವಂತ ಚಿಕ್ಕಪ್ಪನೂ ತಿರುಗಿಬಿದ್ದ. 1651ರ ಫೆಬ್ರವರಿಯ ಒಂದು ರಾತ್ರಿ ರಾಜ ಊರು ಬಿಟ್ಟು ಓಡುತ್ತಾನೆ ಎಂಬ ಸುದ್ದಿ ಹಬ್ಬಿತು. ಜನ ಅರಮನೆಗೇ ನುಗ್ಗಿದರು. ತಾಯಿ ಆನ್ ಆ ಜನರನ್ನು ಮಗನ ಹಾಸಿಗೆಯವರೆಗೂ ಬಿಟ್ಟಳು. 12ರ ಹುಡುಗ ಕಣ್ಣು ಮುಚ್ಚಿ, ನಿದ್ದೆ ಬಂದವನ ಹಾಗೆ ಮಲಗಿದ್ದ. ಜನ ಸಾಲಾಗಿ ಬಂದು ನೋಡಿಕೊಂಡು ಹೋದರು. ನನ್ನ ಕೇಳಿದರೆ ಅವನ ಮೊದಲ ನಾಟಕ ಅದೇ!

ಎರಡು ವರ್ಷಕ್ಕೆ ದಂಗೆ ಹೆಚ್ಚುಕಡಿಮೆ ಅಡಗಿತು. 1653ರ ಫೆಬ್ರವರಿ 23ಕ್ಕೆ ಲೂವ್ರ್ ಅರಮನೆ ಪಕ್ಕದ ಸಭಾಂಗಣದಲ್ಲಿ 'ರಾತ್ರಿಯ ಬ್ಯಾಲೆ' ಎಂಬ ನೃತ್ಯನಾಟಕ ನಡೆಯಿತು. ಸೂರ್ಯ ಮುಳುಗುವಲ್ಲಿಂದ ಕಥೆ ಶುರು. ಕಳ್ಳರು, ಭಿಕ್ಷುಕರು, ಮಾಟಗಾತಿಯರು, ಹೊತ್ತಿ ಉರಿಯುವ ಮನೆ. ನೋಡುತ್ತಿದ್ದವರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಐದು ವರ್ಷ ಅವರ ಊರಲ್ಲೂ ಅಂಥದೇ ಕತ್ತಲು.

ಕೊನೆಗೆ ಬೆಳಕು ಹರಿಯುತ್ತದೆ. ತಮ್ಮ ಫಿಲಿಪ್ ಬೆಳ್ಳಿಚುಕ್ಕಿ. ಅವನ ಹಿಂದೆ ಉದಯಿಸುವ ಸೂರ್ಯನಾಗಿ 14 ವರ್ಷದ ಲೂಯಿ. ಆ ವೇಷದ ಚಿತ್ರ ಈಗಲೂ ಉಳಿದಿದೆ. ಮೈಯೆಲ್ಲಾ ಚಿನ್ನದ ಬಣ್ಣ, ತಲೆಯ ಮೇಲೆ ಕಿರಣ, ಅದರ ಮೇಲೆ ಗರಿಗಳ ಗೊಂಚಲು. ಮೊಣಕಾಲಿಗೊಂದು ಸೂರ್ಯ. ಸಾಲದು ಅಂತ ಬೂಟಿನ ಮೇಲೂ ಸೂರ್ಯ! ಸುತ್ತ ಕುಣಿದ ಆಸ್ಥಾನದವರದು ಗೌರವ, ಶೌರ್ಯ, ಶಾಂತಿಯ ಪಾತ್ರ. ಸೂರ್ಯ ಎಲ್ಲಿಗೆ ಹೋದರೆ ಅವರೂ ಅಲ್ಲಿಗೆ. ಹೆಜ್ಜೆ ತಪ್ಪುವ ಹಾಗಿಲ್ಲ. 'ಸೂರ್ಯರಾಜ' ಎಂಬ ಹೆಸರಿನ ಜೊತೆ ಇಂದಿಗೂ ನೆನಪಾಗುವುದು ಇದೇ ವೇಷ.

1661ರಲ್ಲಿ ನೃತ್ಯಕ್ಕೆಂದೇ ಒಂದು ಅಕಾಡೆಮಿ ಕಟ್ಟಿಸಿದ. 1670ರ ಹೊತ್ತಿಗೆ ರಂಗದ ಮೇಲೆ ಕುಣಿಯುವುದನ್ನು ಬಿಟ್ಟ. ಆಮೇಲೆ ವರ್ಸೇಲ್ಸ್ ಅರಮನೆಯಲ್ಲಿ ದಿನಾ ಬೆಳಗ್ಗೆ ಸರದಾರರು ಅವನ ಹಾಸಿಗೆಯ ಹತ್ತಿರ ಬಂದು, ಅವನು ಏಳುವುದನ್ನು ನೋಡುತ್ತಾ ನಿಲ್ಲುತ್ತಿದ್ದರು. ಅಂಗಿ ಎತ್ತಿಕೊಡುವ ಭಾಗ್ಯ ಅಲ್ಲಿದ್ದವರಲ್ಲಿ ಅಂತಸ್ತಿನಲ್ಲಿ ಎಲ್ಲರಿಗಿಂತ ದೊಡ್ಡವನಿಗೆ.