ಅರಳು ಮರುಳು ಎನ್ನುವ ಮೊದಲು ಕಿವಿ ನೋಡಿ

ನರ್ಸಿಂಗ್ ಪರೀಕ್ಷೆಯ ತಯಾರಿ ಪುಸ್ತಕ ತೆರೆದರೆ ಒಂದೇ ಪುಟದಲ್ಲಿ ಮೂರು ದಿಕ್ಕಿನ ಪ್ರಶ್ನೆಗಳು ಎದುರಾಗುತ್ತವೆ. ಕಿವಿಯ ತಪಾಸಣೆಯ ರಿನ್ನೆ ಪರೀಕ್ಷೆಗೆ ಎಷ್ಟು ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕ್ ಬೇಕು? ಕೋಹಾರ್ಟ್ ಅಧ್ಯಯನಕ್ಕೂ ರ್‍ಯಾಂಡಮೈಸ್ಡ್ ಟ್ರಯಲ್‌ಗೂ ಏನು ವ್ಯತ್ಯಾಸ? ಎಲ್ಲರ ಮೇಲೂ ಸಂಶಯಪಡುವ ವೃದ್ಧ ರೋಗಿಯೊಡನೆ ಹೇಗೆ ಮಾತಾಡಬೇಕು? ಮೊದಲನೆಯದು ಇಎನ್‌ಟಿ, ಎರಡನೆಯದು ಸಂಶೋಧನಾ ವಿಧಾನ, ಮೂರನೆಯದು ಮಾನಸಿಕ ಆರೋಗ್ಯ. ವಿದ್ಯಾರ್ಥಿಗಳು ಇವನ್ನು ಬೇರೆ ಬೇರೆ ಸೆಮಿಸ್ಟರ್‌ಗಳಲ್ಲಿ ಓದಿ, ಬೇರೆ ಬೇರೆ ಉತ್ತರ ಪತ್ರಿಕೆಗಳಲ್ಲಿ ಬರೆದು ಮುಗಿಸುತ್ತಾರೆ. ಆದರೆ ವಾರ್ಡಿನಲ್ಲಿ ಈ ಮೂರೂ ಅಧ್ಯಾಯಗಳು ಒಂದೇ ಹಾಸಿಗೆಯ ಮೇಲೆ ಮಲಗಿರುತ್ತವೆ.

ಎಪ್ಪತ್ತೈದು ದಾಟಿದ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಿ. ಮೂಳೆ ಮುರಿದು ದಾಖಲಾಗಿದ್ದಾರೆ. "ಊಟ ಆಯಿತಾ ಅಜ್ಜಿ?" ಎಂದು ಕೇಳಿದರೆ "ಮಗ ನಾಳೆ ಬರುತ್ತಾನಮ್ಮ" ಎನ್ನುತ್ತಾರೆ. ಮಾಸ್ಕ್ ಹಾಕಿಕೊಂಡ ಇಬ್ಬರು ಕಾಲ ಬಳಿ ನಿಂತು ಮೆಲ್ಲಗೆ ಮಾತಾಡಿದರೆ ಮುಖ ಗಂಟಿಕ್ಕಿಕೊಳ್ಳುತ್ತಾರೆ. ಸಂಜೆಯ ಹೊತ್ತಿಗೆ ಕೇಸ್ ಶೀಟಿನಲ್ಲಿ 'ಗೊಂದಲದಲ್ಲಿದ್ದಾರೆ, ಸಹಕರಿಸುತ್ತಿಲ್ಲ' ಎಂಬ ಸಾಲು ಬಿದ್ದಿರುತ್ತದೆ. ಮನೆಯವರಂತೂ ಅರವತ್ತಕ್ಕೆ ಅರಳು ಮರುಳು ಎಂದು ಎಂದೋ ತೀರ್ಪು ಕೊಟ್ಟಾಗಿದೆ. ಅಜ್ಜಿಯ ಬುದ್ಧಿ ನೆಟ್ಟಗೇ ಇರಬಹುದು, ಪ್ರಶ್ನೆಯೇ ಅವರ ಕಿವಿಗೆ ಬಿದ್ದಿಲ್ಲದಿರಬಹುದು ಎಂಬ ಯೋಚನೆ ಯಾರಿಗೂ ಬರುವುದಿಲ್ಲ. ನನಗೆ ಅತ್ಯಂತ ಬೇಸರ ತರಿಸುವ ಸಂಗತಿ ಇದು, ಏಕೆಂದರೆ ಇದನ್ನು ಪತ್ತೆ ಮಾಡಲು ಯಾವ ಯಂತ್ರವೂ ಬೇಕಿಲ್ಲ.

ವಯಸ್ಸಾದವರ ಕಿವುಡುತನದ ವಿಚಿತ್ರವೆಂದರೆ ಅದು ಎಲ್ಲ ಸದ್ದನ್ನೂ ಸಮನಾಗಿ ತಗ್ಗಿಸುವುದಿಲ್ಲ. ಒಳಗಿವಿಯ ಕಾಕ್ಲಿಯಾ ಎಂಬ ಶಂಖದಾಕಾರದ ಅಂಗದೊಳಗೆ ಸುಮಾರು 35 ಮಿಲಿಮೀಟರ್ ಉದ್ದದ ಒಂದು ಪೊರೆ ಸುರುಳಿ ಸುತ್ತಿಕೊಂಡಿದೆ. ಅದರ ಬುಡ ಕೀರಲು ಸದ್ದಿಗೆ ಕಂಪಿಸುತ್ತದೆ, ತುದಿ ಗಡಸು ಸದ್ದಿಗೆ. ಪೊರೆಯ ಮೇಲೆ ಸದ್ದನ್ನು ಹಿಡಿಯುವ ರೋಮಕೋಶಗಳ ಸಾಲುಗಳಿವೆ: ಒಳಸಾಲಿನಲ್ಲಿ ಸುಮಾರು 3,500, ಹೊರಸಾಲುಗಳಲ್ಲಿ ಸುಮಾರು 12,000. ಒಂದು ಕಿವಿಗೆ ಜೀವಮಾನದ ಬಂಡವಾಳ ಇಷ್ಟೇ. ಹಕ್ಕಿಗಳಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುತ್ತದೆ ಎಂಬುದು 1980ರ ದಶಕದಲ್ಲಿ ತಿಳಿಯಿತು. ಮನುಷ್ಯರಿಗೆ ಆ ಭಾಗ್ಯವಿಲ್ಲ. ಮುಪ್ಪಿನಲ್ಲಿ ಮೊದಲು ನಶಿಸುವುದು ಬುಡದ ಕೋಶಗಳು, ಅಂದರೆ ಕೀರಲು ಸದ್ದನ್ನು ಹಿಡಿಯುವವು.

ಇದರ ಪರಿಣಾಮ ಕನ್ನಡದ ಮಾತಿನಲ್ಲಿ ಹೇಗೆ ಕಾಣುತ್ತದೆ ನೋಡಿ. ಹಾಲು, ಕಾಲು, ಸಾಲು, ಪಾಲು. ನಾಲ್ಕರಲ್ಲೂ 'ಆ' ಸ್ವರ ಒಂದೇ, ಕೊನೆಯ 'ಲು' ಒಂದೇ. 'ಆ' ಸ್ವರದ ಬಲವೆಲ್ಲ ಬಹುಮಟ್ಟಿಗೆ 1,500 ಹರ್ಟ್ಸ್‌ನ ಕೆಳಗಿದೆ, ಜೋರಾಗಿಯೂ ಇದೆ. ಆ ಭಾಗದ ಕೋಶಗಳು ಅಜ್ಜಿಯಲ್ಲಿ ಇನ್ನೂ ಗಟ್ಟಿಮುಟ್ಟಾಗಿರುತ್ತವೆ. ಪದಗಳನ್ನು ಬೇರ್ಪಡಿಸುವ ವ್ಯಂಜನ ಮಾತ್ರ ಕ್ಷೀಣ ಸದ್ದು, ಕ್ಷಣಮಾತ್ರದ್ದು. 'ಸ'ಕಾರದ ಸೀತ್ಕಾರವಂತೂ ಹೆಚ್ಚಾಗಿ 3,000 ಹರ್ಟ್ಸ್‌ಗಿಂತ ಮೇಲೆಯೇ ಇರುತ್ತದೆ. ಹೀಗಾಗಿ ಅಜ್ಜಿಗೆ ಯಾರೋ ಮಾತಾಡಿದ್ದು ಚೆನ್ನಾಗಿಯೇ ಕೇಳಿಸುತ್ತದೆ, ಏನು ಮಾತಾಡಿದರು ಎಂಬುದು ತಿಳಿಯುವುದಿಲ್ಲ. "ಬೇಕಾದ್ದೆಲ್ಲ ಕೇಳಿಸುತ್ತದೆ, ಬೇಡದ್ದು ಕೇಳಿಸುವುದಿಲ್ಲ" ಎಂದು ಸೊಸೆಯಂದಿರು ದೂರುವುದು ಇದಕ್ಕೇ. ಅದು ನಾಟಕವಲ್ಲ, ಪೊರೆಯ ಬುಡ ಸೋತಿದೆ, ಅಷ್ಟೇ.

ಇನ್ನೊಂದು ದೂರಿದೆ: "ಮೆಲ್ಲಗೆ ಹೇಳಿದರೆ ಜೋರಾಗಿ ಹೇಳು ಅನ್ನುತ್ತಾರೆ, ಜೋರಾಗಿ ಹೇಳಿದರೆ ಯಾಕೆ ಕಿರುಚುತ್ತೀಯ ಅನ್ನುತ್ತಾರೆ." ಇದಕ್ಕೂ ಕಾರಣ ರೋಮಕೋಶಗಳೇ, ಆದರೆ ಹೊರಸಾಲಿನವು. ಇವು ಸದ್ದಿನ ತಾಳಕ್ಕೆ ಸರಿಯಾಗಿ ತಾವೇ ಕುಗ್ಗಿ ಹಿಗ್ಗಿ ಸಣ್ಣ ಸದ್ದನ್ನು ಸುಮಾರು 40ರಿಂದ 60 ಡೆಸಿಬೆಲ್‌ಗಳಷ್ಟು ಎತ್ತಿಕೊಡುತ್ತವೆ. ದೊಡ್ಡ ಸದ್ದಿಗೆ ಆ ನೆರವು ಬೇಕಿಲ್ಲ, ಅವು ಕೊಡುವುದೂ ಇಲ್ಲ. ಈ ಕೋಶಗಳು ಸತ್ತಾಗ ಸಣ್ಣ ಸದ್ದು ಮಾಯವಾಗುತ್ತದೆ, ದೊಡ್ಡ ಸದ್ದು ಮಾತ್ರ ಮೊದಲಿನಷ್ಟೇ ಅಬ್ಬರದ್ದಾಗಿ ಉಳಿಯುತ್ತದೆ. ಎರಡರ ನಡುವಿನ ಅಂತರ ಕಿರಿದಾಗುತ್ತದೆ.

ಈ ಕೋಶಗಳ ಕತೆಯಲ್ಲೇ ಸಂಶೋಧನಾ ವಿಧಾನದ ಪಾಠವೊಂದು ಅಡಗಿದೆ. ಕಾಕ್ಲಿಯಾದ ಪೊರೆಯ ಮೇಲೆ ಅಲೆಗಳು ಹೇಗೆ ಹರಿಯುತ್ತವೆ ಎಂದು ಕಂಡುಹಿಡಿದ ಗಿಯಾರ್ಗ್ ಫಾನ್ ಬೆಕೆಶಿಗೆ 1961ರಲ್ಲಿ ನೊಬೆಲ್ ಬಂತು. ಅವರು ನೋಡಿದ್ದು ಶವಗಳ ಕಿವಿಯನ್ನು. ಬದುಕಿರುವ ಕಿವಿ ತಾನೇ ಶಕ್ತಿ ಹಾಕಿ ಸದ್ದನ್ನು ಹಿಗ್ಗಿಸುತ್ತಿರಬೇಕು ಎಂದು ಥಾಮಸ್ ಗೋಲ್ಡ್ 1948ರಲ್ಲೇ ವಾದಿಸಿದ್ದರು. ಯಾರೂ ಕಿವಿಗೊಡಲಿಲ್ಲ. 1978ರಲ್ಲಿ ಡೇವಿಡ್ ಕೆಂಪ್ ಕಿವಿಯ ಹೊರನಾಳದಲ್ಲಿ ಪುಟ್ಟ ಮೈಕ್ರೋಫೋನ್ ಇಟ್ಟಾಗ, ಕಿವಿಯೇ ತಿರುಗಿ ಸಣ್ಣ ಸದ್ದು ಹೊರಡಿಸುವುದು ದಾಖಲಾಯಿತು. ಇಂದು ಹಸುಗೂಸುಗಳ ಶ್ರವಣ ತಪಾಸಣೆಯಲ್ಲಿ ಹುಡುಕುವುದು ಆ ಮರುಸದ್ದನ್ನೇ. ಬೆಕೆಶಿಯ ಅಳತೆ ತಪ್ಪಾಗಿರಲಿಲ್ಲ. ಜೀವವಿಲ್ಲದ ಕಿವಿಯಲ್ಲಿ ಹೊರಸಾಲಿನ ಕೋಶಗಳು ಕೆಲಸ ಮಾಡುವುದಿಲ್ಲ, ಆದ್ದರಿಂದ ಅಳತೆಗೆ ಸಿಕ್ಕಲೇ ಇಲ್ಲ. ಯಾವುದರ ಮೇಲೆ ಅಳೆದರು ಎಂಬ ಪ್ರಶ್ನೆ ಎಷ್ಟು ಅಳೆದರು ಎಂಬುದಕ್ಕಿಂತ ಮೊದಲು ಬರಬೇಕು.

ಕಿವಿಯಿಂದ ಮನಸ್ಸಿಗೆ ಬರೋಣ. ವ್ಯಂಜನಗಳು ಕಳೆದುಹೋದ ಮಾತನ್ನು ಕೇಳುವುದೆಂದರೆ, ಮೊದಲ ಸಾಲು ತುಂಬುವ ಮೊದಲೇ ಎರಡನೆಯ ಸಾಲು ಬಂದುಬಿಡುವ ಪದಬಂಧವನ್ನು ಬಿಡಿಸಿದಂತೆ. ಸಂದರ್ಭ, ತುಟಿಯ ಚಲನೆ, ಹಳೆಯ ನೆನಪು ಎಲ್ಲವನ್ನೂ ಕೂಡಿಸಿ ಮಿದುಳು ಖಾಲಿ ಮನೆಗಳನ್ನು ತುಂಬುತ್ತಲೇ ಇರಬೇಕು. ಮದುವೆ ಮನೆಯ ಗಲಾಟೆಯಲ್ಲಿ ಒಂದು ಗಂಟೆ ಹೀಗೆ ಕೂತವರು ದಣಿದುಹೋಗುತ್ತಾರೆ, ಮುಂದಿನ ಮದುವೆಗೆ ಹೋಗುವುದನ್ನೇ ಬಿಡುತ್ತಾರೆ. ಒಂಟಿತನ, ಖಿನ್ನತೆಗಳು ಒಳಬರುವುದು ಈ ದಾರಿಯಲ್ಲೇ.

ಸಂಶಯ ಹುಟ್ಟುವ ಬಗೆಯನ್ನು ಒಂದು ಪುಟ್ಟ ಪ್ರಯೋಗ ಸೊಗಸಾಗಿ ತೋರಿಸಿತು. 1981ರಲ್ಲಿ ಮನಶ್ಶಾಸ್ತ್ರಜ್ಞ ಫಿಲಿಪ್ ಜಿಂಬಾರ್ಡೊ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಸುಲಭವಾಗಿ ಸಂಮೋಹನಕ್ಕೊಳಗಾಗುವ 18 ಕಾಲೇಜು ಹುಡುಗರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಭಾಗಶಃ ಕಿವುಡಾಗುವಂತೆ ಸೂಚನೆ ಕೊಟ್ಟು, ಸೂಚನೆ ಕೊಟ್ಟದ್ದನ್ನು ಮರೆಸಿದರು. ಇನ್ನೊಂದಕ್ಕೆ ಅದೇ ಕಿವುಡು, ಆದರೆ ಕಾರಣ ನೆನಪಿರುವಂತೆ. ಮೂರನೆಯದಕ್ಕೆ ಕಿವುಡಲ್ಲ, ಕಾರಣ ಮರೆತ ಕಿವಿಯ ತುರಿಕೆ. ಆಮೇಲೆ ಪಕ್ಕದಲ್ಲಿ ಇಬ್ಬರು ತಮ್ಮಷ್ಟಕ್ಕೆ ಮಾತಾಡಿಕೊಂಡು ನಕ್ಕರು. ತಮಗೆ ಕೇಳಿಸುತ್ತಿಲ್ಲ ಎಂಬುದರ ಕಾರಣ ತಿಳಿಯದ ಹುಡುಗರಲ್ಲೇ ಸಿಡುಕು, ಹಗೆತನ, ಸಂಶಯ ಹೆಚ್ಚಾಗಿ ಕಂಡವು. ಆ ತುರಿಕೆಯ ಗುಂಪನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಅದಿಲ್ಲದಿದ್ದರೆ, ಕಾರಣ ತಿಳಿಯದ ಯಾವ ಕಿರಿಕಿರಿಯಾದರೂ ಹೀಗೆಯೇ ಮಾಡುತ್ತದೆ ಎಂದು ತಳ್ಳಿಹಾಕಬಹುದಿತ್ತು. 'ನಿಯಂತ್ರಣ ಗುಂಪು' ಎಂದು ಬಾಯಿಪಾಠ ಮಾಡುವ ಪದದ ಕೆಲಸ ಇದೇ. ಗುಂಪಿಗೆ ಆರು ಜನ ತೀರಾ ಕಡಿಮೆ, ಎಲ್ಲರೂ ಎಳೆಯರು ಎಂಬ ಮಿತಿಯನ್ನೂ ಇಲ್ಲೇ ಹೇಳಬೇಕು. ಎಪ್ಪತ್ತೈದರ ಅಜ್ಜಿಯ ಬಗ್ಗೆ ಇದು ಸುಳಿವು ಮಾತ್ರ ಕೊಡುತ್ತದೆ, ಸಾಕ್ಷ್ಯವನ್ನಲ್ಲ.

ಕಿವುಡಾಗುತ್ತಿದ್ದ ಸಂಗೀತಗಾರ ಬೀಥೋವನ್ 1802ರಲ್ಲಿ ಸೋದರರಿಗೆಂದು ಬರೆದಿಟ್ಟ ಪತ್ರದಲ್ಲಿ, ಜನ ತನ್ನನ್ನು ಜಗಳಗಂಟ, ಮನುಷ್ಯದ್ವೇಷಿ ಎಂದುಕೊಂಡಿದ್ದಾರೆ, ನಿಜವಾದ ಕಾರಣ ಅವರಿಗೆ ಗೊತ್ತಿಲ್ಲ ಎಂದು ಗೋಳಾಡಿಕೊಂಡಿದ್ದಾನೆ. ಫ್ಲಾರೆನ್ಸ್ ನೈಟಿಂಗೇಲ್ 1859ರ ತನ್ನ ಶುಶ್ರೂಷಾ ಟಿಪ್ಪಣಿಗಳಲ್ಲಿ, ರೋಗಿಯ ಕೋಣೆಯಲ್ಲೇ ಪಿಸುಗುಟ್ಟುವುದು ಕ್ರೌರ್ಯ ಎಂದು ಖಡಾಖಂಡಿತವಾಗಿ ಬರೆದಳು. ರೋಗಿ ತನ್ನಿಚ್ಛೆಯಿಲ್ಲದೆಯೇ ಕಿವಿ ನಿಮಿರಿಸಿ ದಣಿಯುತ್ತಾನೆ ಎಂಬುದು ಅವಳ ಕಾರಣ. ದೀಪ ಹಿಡಿದ ಮಹಿಳೆ ಎಂದು ಪೂಜಿಸುವವರು, ಲಂಡನ್ನಿನ ಸ್ಟ್ಯಾಟಿಸ್ಟಿಕಲ್ ಸೊಸೈಟಿಗೆ ಆಯ್ಕೆಯಾದ ಮೊದಲ ಮಹಿಳೆಯೂ ಅವಳೇ ಎಂಬುದನ್ನು ಮರೆಯುತ್ತಾರೆ. ಅಂಕಿಅಂಶ ನರ್ಸಿಂಗ್‌ಗೆ ಹೊರಗಿನಿಂದ ಬಂದ ವಿಷಯವಲ್ಲ.

ಹಾಗಾದರೆ ಕಿವುಡಿನಿಂದ ಮರೆಗುಳಿ ರೋಗ (ಡಿಮೆನ್ಷಿಯಾ) ಬರುತ್ತದೆಯೇ? 2011ರಲ್ಲಿ ಫ್ರಾಂಕ್ ಲಿನ್ ಮತ್ತು ಸಂಗಡಿಗರು ಬಾಲ್ಟಿಮೋರಿನ 639 ಜನರನ್ನು ಸುಮಾರು ಹನ್ನೆರಡು ವರ್ಷ ಹಿಂಬಾಲಿಸಿದ ವರದಿ ಕೊಟ್ಟರು. ಸರಿಯಾಗಿ ಕೇಳಿಸುವವರಿಗೆ ಹೋಲಿಸಿದರೆ ಡಿಮೆನ್ಷಿಯಾದ ಅಪಾಯ ಅಲ್ಪ ಕಿವುಡಿರುವವರಲ್ಲಿ ಸುಮಾರು ಎರಡು ಪಟ್ಟು, ಮಧ್ಯಮ ಕಿವುಡಿರುವವರಲ್ಲಿ ಮೂರು ಪಟ್ಟು, ತೀವ್ರ ಕಿವುಡಿರುವವರಲ್ಲಿ ಐದು ಪಟ್ಟು. ಇದು ಕೋಹಾರ್ಟ್ ಅಧ್ಯಯನ, ಅಂದರೆ ಒಂದು ಗುಂಪನ್ನು ವರ್ಷಗಟ್ಟಲೆ ಗಮನಿಸುತ್ತ ಹೋಗುವುದು. ಜೊತೆಯಲ್ಲಿ ಬರುವುದನ್ನು ತೋರಿಸುತ್ತದೆ, ಕಾರಣವನ್ನಲ್ಲ. ರಕ್ತನಾಳಗಳ ರೋಗವೊಂದೇ ಕಿವಿಯನ್ನೂ ಮಿದುಳನ್ನೂ ಕೆಡಿಸುತ್ತಿರಬಹುದು. ಪರೀಕ್ಷೆಯೇ ಮೋಸ ಮಾಡುವ ಸಂಭವವೂ ಇದೆ: 30 ಅಂಕಗಳ ಪ್ರಸಿದ್ಧ ಸ್ಮರಣ ಪರೀಕ್ಷೆಯಲ್ಲಿ ಮೂರು ಪದಗಳನ್ನು ಬಾಯಿಯಲ್ಲಿ ಹೇಳಿ ತಿರುಗಿ ಹೇಳಿಸುತ್ತಾರೆ, ಕೇಳಿಸದವರು ಅಲ್ಲೇ ಅಂಕ ಕಳೆದುಕೊಳ್ಳುತ್ತಾರೆ. ಶ್ರವಣ ಸಾಧನ ಹಾಕಿಕೊಂಡವರಲ್ಲಿ ಮರೆವು ಕಡಿಮೆ ಎಂದು ಕಂಡರೂ ಹಿಗ್ಗಬಾರದು. ಅವರಿಗೆ ಹಣ, ಓದು, ಜೊತೆಗೆ ಬರುವ ಮಕ್ಕಳು ಎಲ್ಲ ಇದ್ದಿರಬಹುದು.

ಈ ಗಂಟು ಬಿಡಿಸುವ ಉಪಾಯ ಚೀಟಿ ಎತ್ತುವುದು, ಅಂದರೆ ಯಾರಿಗೆ ಚಿಕಿತ್ಸೆ ಎಂಬುದನ್ನು ಅದೃಷ್ಟಕ್ಕೆ ಬಿಡುವುದು. 1948ರಲ್ಲಿ ಪ್ರಕಟವಾದ ಬ್ರಿಟನ್ನಿನ ಸ್ಟ್ರೆಪ್ಟೋಮೈಸಿನ್ ಪ್ರಯೋಗದಲ್ಲಿ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ 107 ಕ್ಷಯರೋಗಿಗಳನ್ನು ಯಾದೃಚ್ಛಿಕ ಸಂಖ್ಯೆಗಳಿಂದ ಹಂಚಿ, ಹಂಚಿಕೆಯನ್ನು ಮುಚ್ಚಿದ ಲಕೋಟೆಗಳಲ್ಲಿಟ್ಟರು. ಯುದ್ಧ ಮುಗಿದ ಹೊಸತು, ಎಲ್ಲರಿಗೂ ಸಾಲುವಷ್ಟು ಔಷಧಿ ದೇಶದಲ್ಲೇ ಇರಲಿಲ್ಲ. ಆರು ತಿಂಗಳಲ್ಲಿ ಔಷಧಿ ಪಡೆದ 55 ಜನರಲ್ಲಿ 4 ಸಾವು, ಹಾಸಿಗೆಯ ವಿಶ್ರಾಂತಿ ಮಾತ್ರ ಪಡೆದ 52 ಜನರಲ್ಲಿ 14. ಇಂದಿನ ರ್‍ಯಾಂಡಮೈಸ್ಡ್ ಟ್ರಯಲ್‌ಗಳಿಗೆ ಮಾದರಿಯಾದ ಆ ಔಷಧಿಯೇ ಒಳಗಿವಿಗೆ ವಿಷ. ಅದರದೇ ಬಳಗದ ಜೆಂಟಾಮೈಸಿನ್, ಅಮಿಕಾಸಿನ್ ಕೊಡುವಾಗ "ಕಿವಿಯಲ್ಲಿ ಗುಂಯ್‌ಗುಡುತ್ತಿದೆಯಾ, ತಲೆ ತಿರುಗುತ್ತಿದೆಯಾ" ಎಂದು ಕೇಳುವುದು ಅದಕ್ಕಾಗಿ.

ಶ್ರವಣ ಸಾಧನದ ಬಗ್ಗೆ ಅಂಥ ದೊಡ್ಡ ಪರೀಕ್ಷೆಯ ಫಲಿತಾಂಶಕ್ಕೆ 2023ರವರೆಗೆ ಕಾಯಬೇಕಾಯಿತು. ಅಮೆರಿಕದ ನಾಲ್ಕು ಕಡೆ, 70ರಿಂದ 84 ವರ್ಷದ 977 ಜನ, ಮೂರು ವರ್ಷ. ಅರ್ಧ ಜನಕ್ಕೆ ಶ್ರವಣ ಸಾಧನ ಮತ್ತು ಆಪ್ತಸಲಹೆ, ಉಳಿದವರಿಗೆ ಆರೋಗ್ಯ ಶಿಕ್ಷಣ. ಎಲ್ಲರನ್ನೂ ಸೇರಿಸಿ ನೋಡಿದಾಗ ಬುದ್ಧಿಶಕ್ತಿಯ ಇಳಿಕೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ಮೊದಲೇ ಹೃದಯ, ರಕ್ತನಾಳಗಳ ಅಪಾಯ ಹೆಚ್ಚಿದ್ದ 238 ಜನರ ಗುಂಪಿನಲ್ಲಿ ಮಾತ್ರ ಇಳಿಕೆ ಶೇ 48ರಷ್ಟು ನಿಧಾನವಾಗಿತ್ತು. ಜಾಹೀರಾತುಗಳು ಎತ್ತಿ ಹಿಡಿಯುವುದು ಈ 48ನ್ನೇ, ಉಳಿದ 739 ಜನರನ್ನು ನುಂಗಿಬಿಡುತ್ತವೆ. ಅದೇ ವರ್ಷ 'ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್'ನಲ್ಲಿ ಶ್ರವಣ ಸಾಧನ ಮತ್ತು ಮರೆವಿನ ಬಗ್ಗೆ ಬಂದ ದೊಡ್ಡ ಅಧ್ಯಯನವೊಂದನ್ನು ಲೇಖಕರೇ ಹಿಂಪಡೆಯಬೇಕಾಯಿತು. ಗಣಕದ ಸಂಕೇತದಲ್ಲಾದ ತಪ್ಪಿನಿಂದ ಸಾಧನ ಹಾಕಿದವರ ಮತ್ತು ಹಾಕದವರ ಮಾಹಿತಿ ಅದಲು ಬದಲಾಗಿತ್ತು. ಮರೆವನ್ನು ತಡೆಯುತ್ತದೆ ಎಂದು ಹೇಳಿ ಯಾರಿಗೂ ಶ್ರವಣ ಸಾಧನ ಮಾರಬಾರದು. ಮಾತು ಕೇಳಿಸಲಿ ಎಂದು ಹಾಕಿಸಬೇಕು. ಮನುಷ್ಯರಿಗೆ ಅಷ್ಟು ಕಾರಣ ಸಾಲದೇ?

ಕಿವಿಗೆ ಬಿಸಿ ಎಣ್ಣೆ, ಬೆಳ್ಳುಳ್ಳಿ ಎಣ್ಣೆ ಬಿಡುವವರಿಗೆ ಒಂದು ಮಾತು. ಕಿವಿಯ ತಮಟೆಯಾಚೆ, ಮೂಳೆಯೊಳಗೆ ಹುದುಗಿರುವ ಕಾಕ್ಲಿಯಾವನ್ನು ಎಣ್ಣೆ ಮುಟ್ಟುವುದಿಲ್ಲ. ತಮಟೆ ತೂತಾಗಿದ್ದರೆ ನಡುಗಿವಿಗೆ ಇಳಿದು ಸೋಂಕು ತರುತ್ತದೆ. ಶ್ರವಣ ಸಾಧನ ಹಾಕಿದರೆ ಇದ್ದ ಕಿವಿಯೂ ಹಾಳಾಗುತ್ತದೆ ಎಂಬ ಹೆದರಿಕೆಗೂ ಆಧಾರವಿಲ್ಲ. ಮೊದಲ ಕೆಲವು ವಾರ ಪಾತ್ರೆಯ ಸದ್ದು ಕಿವಿ ಕೊರೆಯುತ್ತದೆ, ಮಿದುಳು ಹೊಂದಿಕೊಳ್ಳುತ್ತದೆ. ಆ ವಾರಗಳಲ್ಲೇ ಜನ ಅದನ್ನು ಬೀರುವಿಗೆ ಸೇರಿಸಿಬಿಡುತ್ತಾರೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವ ರಾಜ್ಯ ನಮ್ಮದು, ಸರಿಹೊಂದಿಸಿಕೊಡಲು ತರಬೇತಾದ ತಜ್ಞರಿದ್ದಾರೆ.

ನರ್ಸ್ ಮಾಡಬಹುದಾದ ಪರೀಕ್ಷೆ ಹೀಗಿದೆ. ತುಟಿ ಕಾಣದಂತೆ ರೋಗಿಯ ಹಿಂದೆ ಒಂದು ತೋಳಿನ ದೂರದಲ್ಲಿ ನಿಲ್ಲಿ. ಒಂದು ಕಿವಿಯ ಮುಂದಿನ ಮೃದ್ವಸ್ಥಿಯ ಚಿಗುರನ್ನು ಬೆರಳಿನಿಂದ ಒತ್ತಿ ಉಜ್ಜುತ್ತ ಆ ಕಿವಿ ಮುಚ್ಚಿ. ಉಸಿರನ್ನು ಪೂರ್ತಿ ಬಿಟ್ಟ ಮೇಲೆ "ನಾಲ್ಕು, ಕ, ಎರಡು" ಎಂಬಂಥ ಮೂರನ್ನು ಪಿಸುಗುಟ್ಟಿ, ತಿರುಗಿ ಹೇಳಲು ಹೇಳಿ. ತಪ್ಪಿದರೆ ಬೇರೆ ಮೂರು. ಇನ್ನೊಂದು ಕಿವಿಗೆ ಮತ್ತೆ ಹೊಸ ಮೂರು. ಸೋತರೆ ಮೊದಲು ಗುಗ್ಗೆ ತುಂಬಿದೆಯೇ ಎಂದು ವೈದ್ಯರಿಗೆ ತೋರಿಸಿ. ವೃದ್ಧರಲ್ಲಿ ಅದು ಸಾಮಾನ್ಯ, ಅದೇ ಕಾರಣವಾಗಿದ್ದರೆ ತೆಗೆದ ದಿನವೇ ಗುಣ.

ಆಸ್ಪತ್ರೆಯಲ್ಲಿ ಇದರ ಬೆಲೆ ಎಷ್ಟೆಂದು ಶೇರಾನ್ ಇನೌಯೆ ಮತ್ತು ಸಂಗಡಿಗರು 1999ರಲ್ಲಿ ತೋರಿಸಿದರು. ಎಪ್ಪತ್ತು ದಾಟಿದ 852 ಒಳರೋಗಿಗಳಲ್ಲಿ, ನಿದ್ರೆ, ನೀರು, ನಡಿಗೆ, ಕನ್ನಡಕ, ಕಿವಿ ಇವನ್ನೆಲ್ಲ ನೋಡಿಕೊಂಡ ವಾರ್ಡಿನಲ್ಲಿ ಸನ್ನಿ (ಹಠಾತ್ ಬುದ್ಧಿಗೊಂದಲ) ಶೇ 9.9 ಜನರಿಗೆ ಬಂತು, ಎಂದಿನ ಆರೈಕೆಯಲ್ಲಿ ಶೇ 15ಕ್ಕೆ. ಇದು ಚೀಟಿ ಎತ್ತಿದ ಪ್ರಯೋಗವಲ್ಲ, ಹೋಲುವ ರೋಗಿಗಳನ್ನು ಜೋಡಿಸಿ ಮಾಡಿದ್ದು, ಕಿವಿಯೊಂದರ ಪಾಲು ಎಷ್ಟೆಂದು ಇದರಿಂದ ಬೇರ್ಪಡಿಸಲಾಗದು. ಆದರೂ ಅಪಾಯವಿಲ್ಲದ, ಖರ್ಚಿಲ್ಲದ ಕೆಲಸಕ್ಕೆ ಇಷ್ಟು ಆಧಾರ ಸಾಕು. ಶಸ್ತ್ರಚಿಕಿತ್ಸೆಗೆ ಒಯ್ಯುವಾಗ ಬಳೆ, ಸರಗಳ ಜೊತೆ ಶ್ರವಣ ಸಾಧನವನ್ನೂ ಬಿಚ್ಚಿ ಮನೆಯವರ ಕೈಗೆ ಕೊಡುವ ರೂಢಿ ನಮ್ಮಲ್ಲಿದೆ. ಅರಿವಳಿಕೆ ಇಳಿದು ಕಣ್ಣು ಬಿಟ್ಟಾಗ ಸುತ್ತ ಮಾಸ್ಕ್ ಹಾಕಿದ ಅಪರಿಚಿತ ಮುಖಗಳು, ಏನೂ ಕೇಳಿಸದು, ಸಾಧನ ಕೆಳಗಿನ ಮಹಡಿಯಲ್ಲಿ ಮಗನ ಜೇಬಿನಲ್ಲಿ. ಅದನ್ನು ಹೆಸರು ಬರೆದ ಡಬ್ಬಿಯಲ್ಲಿಟ್ಟು ರೋಗಿಯ ಜೊತೆಗೇ ಕಳಿಸಿ, ರಿಕವರಿ ಕೋಣೆಯಲ್ಲಿ ಎಚ್ಚರವಾಗುತ್ತಿದ್ದಂತೆ ಕಿವಿಗೆ ಹಾಕಿ, ಆಮೇಲೆ ಹೆಸರು, ತಾರೀಕು, ಊರು ಕೇಳಿ.